ಕೋಕೋ ಟಾಪ್: ಹೆಣಿಗೆ ಬಟ್ಟೆಯ ಹೊಲಿಗೆ ಕಲಿಯಲು ಒಂದು ಒಳ್ಳೆಯ ಮಾದರಿ

ಬೆಂಗಳೂರಿನಲ್ಲಿ ಮನೆಯಲ್ಲೇ ಹೊಲಿಯುವವರಲ್ಲಿ ಹೆಚ್ಚಿನವರು ಬ್ಲೌಸು, ಕುರ್ತಾ, ಮಕ್ಕಳ ಫ್ರಾಕುಗಳವರೆಗೆ ಧೈರ್ಯವಾಗಿ ಹೋಗುತ್ತಾರೆ. ಹಿಗ್ಗುವ ಹೆಣಿಗೆ ಬಟ್ಟೆ, ಅಂದರೆ ನಾವು ಹೊಸಿಯರಿ ಎಂದೋ ಬನಿಯನ್ ಬಟ್ಟೆ ಎಂದೋ ಕರೆಯುವಂಥದ್ದು ಎದುರಾದಾಗ ಮಾತ್ರ ಕತ್ತರಿ ಕೆಳಗಿಡುತ್ತಾರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಿಂದ ಹೊರದೇಶಗಳಿಗೆಲ್ಲ ಉಡುಪು ಕಳಿಸುವ ಊರಿನಲ್ಲಿ ಇದು ಸೋಜಿಗವೆನಿಸಿದರೂ ಅದಕ್ಕೆ ಕಾರಣವಿದೆ. ನಮ್ಮ ಹೊಲಿಗೆ ತರಗತಿಗಳಲ್ಲಿ ಕಲಿಸುವ ಕಟಿಂಗ್ ಬಹುಮಟ್ಟಿಗೆ ಹಿಗ್ಗದ ನೇಯ್ಗೆ ಬಟ್ಟೆಯದು. ಅಳತೆ ತೆಗೆದುಕೊಂಡು, ಬಟ್ಟೆಯ ಮೇಲೆ ನೇರವಾಗಿ ಚಾಕಿನಲ್ಲಿ ಗೆರೆ ಎಳೆದು ಕತ್ತರಿಸುವ ಆ ವಿಧಾನದಲ್ಲಿ ಬಟ್ಟೆ ಎಷ್ಟು ಎಳೆಯುತ್ತದೆ, ಎಳೆದು ಬಿಟ್ಟರೆ ಎಷ್ಟು ಮರಳುತ್ತದೆ ಎಂಬ ಲೆಕ್ಕಕ್ಕೆ ಜಾಗವೇ ಇಲ್ಲ. ಆ ಲೆಕ್ಕವನ್ನು ಮೊದಲಿನಿಂದ ಕಲಿಯಬೇಕೆಂದಿರುವವರಿಗೆ ನಾನು ಸೂಚಿಸುವುದು ಕೋಕೋ ಎಂಬ ಟಾಪಿನ ಮಾದರಿಯನ್ನು (ಪ್ಯಾಟರ್ನ್), ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಉಡುಪಿನ ಭಾಗಗಳನ್ನು ಅಳತೆಗೆ ಬರೆದಿರುವ ಹಾಳೆಯನ್ನು. ಇದನ್ನು ನಾನು ಬೇರೆ ಬೇರೆ ಬಟ್ಟೆಗಳಲ್ಲಿ ಹೊಲಿದು, ತೊಟ್ಟು, ಒಗೆದು ನೋಡಿದ್ದೇನೆ.

ಕೋಕೋ ಲಂಡನ್ನಿನ ಟಿಲ್ಲಿ ಅಂಡ್ ದ ಬಟನ್ಸ್ ಎಂಬ ಸ್ವತಂತ್ರ ಸಂಸ್ಥೆಯ ಮಾದರಿ. ಆ ಸಂಸ್ಥೆಯನ್ನು ಕಟ್ಟಿದ ಟಿಲ್ಲಿ ವಾಲ್ನ್ಸ್ 2013ರಲ್ಲಿ ಬಿಬಿಸಿಯ ಹೊಲಿಗೆ ಸ್ಪರ್ಧೆಯ ಮೊದಲ ಸರಣಿಯಲ್ಲಿ ಪಾಲ್ಗೊಂಡವರು. ಕೋಕೋ ಬಂದದ್ದು ಅದರ ಮರುವರ್ಷ. ವಿನ್ಯಾಸ ಸರಳವಾದದ್ದು: ಭುಜದಿಂದ ಭುಜಕ್ಕೆ ಅಗಲವಾಗಿ ಹರಡುವ ಬೋಟ್ ನೆಕ್, ಕೆಳಗೆ ಬರುತ್ತ ತುಸುವೇ ಅಗಲವಾಗುವ ಮೈ, ಸೊಂಟದ ಕೆಳಗೆ ನಿಲ್ಲುವ ಉದ್ದ. ಎದೆಗೆ ಡಾರ್ಟ್ (ಆಕಾರ ಕೊಡಲು ಹೊಲಿಯುವ ಮಡಿಕೆ) ಇಲ್ಲ, ಜಿಪ್ ಇಲ್ಲ, ಗುಂಡಿಯಿಲ್ಲ. ಅದೇ ಮಾದರಿಯಲ್ಲಿ ಎತ್ತರದ ಕತ್ತಿನ ಒಂದು ರೂಪವೂ ಮಂಡಿಯ ಮೇಲೆ ನಿಲ್ಲುವ ಡ್ರೆಸ್ಸಿನ ಒಂದು ರೂಪವೂ ಸೇರಿವೆ. ಇಂಥ ಟಾಪು ಯಾವ ಬಟ್ಟೆ ಅಂಗಡಿಯಲ್ಲಿಯೂ ಸಿಗುತ್ತದೆ ಎನ್ನಬಹುದು. ಸಿಗುತ್ತದೆ, ನಿಜ; ಆದರೆ ಇಲ್ಲಿ ನಾವು ಹಣ ಕೊಡುವುದು ಆಕಾರಕ್ಕಲ್ಲ, ಅದರ ಜೊತೆಗೆ ಬರುವ ಪಾಠಕ್ಕೆ. ದೊಡ್ಡ ಕಂಪನಿಗಳ ಮಾದರಿಗಳು ಹಾಳೆಯ ತುಂಬ ಸಣ್ಣ ಗೆರೆಚಿತ್ರಗಳನ್ನು ಕೊಟ್ಟು, ಉಳಿದದ್ದು ನಿಮಗೆ ಗೊತ್ತೇ ಇದೆ ಎಂಬಂತೆ ಸುಮ್ಮನಾಗುತ್ತವೆ. ಕೋಕೋದ ಸೂಚನಾ ಪುಸ್ತಿಕೆಯಲ್ಲಿ ಪ್ರತಿ ಹಂತಕ್ಕೂ ಬಣ್ಣದ ಫೋಟೋ ಇದೆ, ಫೋಟೋದಲ್ಲಿ ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಇಂಗ್ಲಿಷ್ ಅಷ್ಟಾಗಿ ಬಾರದವರೂ ಚಿತ್ರಗಳನ್ನು ನೋಡಿಯೇ ಮುಕ್ಕಾಲು ಪಾಲು ಹೊಲಿದು ಮುಗಿಸಬಹುದು. ಪೌಂಡ್ ಲೆಕ್ಕದಲ್ಲಿ ಕೊಡುವ ಬೆಲೆ ನಮ್ಮ ಊರಿನಲ್ಲಿ ಇದಕ್ಕೆ ಬೇಕಾಗುವ ಬಟ್ಟೆಯ ಬೆಲೆಗಿಂತ ಹೆಚ್ಚೇ ಆಗುತ್ತದೆ; ಒಂದೇ ಟಾಪಿಗೆ ಅದು ದುಬಾರಿ, ಮತ್ತೆ ಮತ್ತೆ ಹೊಲಿಯುವವರಿಗೆ ಅಲ್ಲ.

ಮಾದರಿ ಕಾಗದದ ರೂಪದಲ್ಲಿಯೂ ಪಿಡಿಎಫ್ ರೂಪದಲ್ಲಿಯೂ ದೊರೆಯುತ್ತದೆ. ಇಲ್ಲಿಂದ ಕೊಳ್ಳುವವರಿಗೆ ಪಿಡಿಎಫ್ ಸುಲಭ. ಅದನ್ನು ಎ4 ಹಾಳೆಗಳಲ್ಲಿ ಮುದ್ರಿಸಿ ಅಂಟಿಸಿಕೊಳ್ಳಬಹುದು, ಇಲ್ಲವೇ ಕಟ್ಟಡದ ನಕ್ಷೆಗಳನ್ನು ಮುದ್ರಿಸುವ ಅಂಗಡಿಗಳಲ್ಲಿ ಎ0 ಅಳತೆಯ ಒಂದೇ ದೊಡ್ಡ ಹಾಳೆಯಾಗಿ ತೆಗೆಸಬಹುದು. ಎಂಜಿನಿಯರಿಂಗ್ ಮತ್ತು ಆರ್ಕಿಟೆಕ್ಚರ್ ಕಾಲೇಜುಗಳ ಆಸುಪಾಸಿನಲ್ಲಿ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ಎರಡರಲ್ಲಿ ಯಾವುದನ್ನು ಮಾಡಿದರೂ ಮುದ್ರಣ ನೂರಕ್ಕೆ ನೂರು ಅಳತೆಯಲ್ಲಿ ಇರಬೇಕೆಂದು ಬಾಯಿಬಿಟ್ಟು ಹೇಳಬೇಕು. ಪುಟಕ್ಕೆ ಹೊಂದಿಸಿ ಮುದ್ರಿಸುವುದು ಜೆರಾಕ್ಸ್ ಅಂಗಡಿಯವರ ರೂಢಿ. ಹಾಗೆ ಮಾಡಿದಾಗ ನೂರಕ್ಕೆ ಮೂರು ನಾಲ್ಕರಷ್ಟು ಕುಗ್ಗಿದರೂ 100 ಸೆಂಟಿಮೀಟರಿನ ಸುತ್ತಳತೆಯಲ್ಲಿ ಮೂರು ನಾಲ್ಕು ಸೆಂಟಿಮೀಟರು ಮಾಯವಾಗುತ್ತದೆ. ಮೊದಲ ಹಾಳೆಯ ಮೇಲಿರುವ ಪರೀಕ್ಷಾ ಚೌಕವನ್ನು ಸ್ಕೇಲಿನಿಂದ ಅಳೆದ ಮೇಲೆಯೇ ಉಳಿದ ಹಾಳೆಗಳಿಗೆ ಹೋಗಬೇಕು.

ಅಳತೆಗಳನ್ನು ಬ್ರಿಟನ್ನಿನ ಅಂಗಡಿಯ ಸೈಜುಗಳಲ್ಲಿ ಹೇಳದೆ 1, 2, 3 ಎಂದು ಬರಿಯ ಸಂಖ್ಯೆಗಳಲ್ಲಿ ಹೇಳಿರುವುದು ನನಗೆ ಹಿಡಿಸಿತು. ಅಂಗಡಿಯಲ್ಲಿ ತಾನು ಮೀಡಿಯಮ್ಮೋ ಲಾರ್ಜೋ ಎಂಬ ಅಭ್ಯಾಸವನ್ನು ಬದಿಗಿಟ್ಟು, ಟೇಪು ಹಿಡಿದು ಎದೆ, ಸೊಂಟ, ಹಿಪ್ಪು ಅಳೆದುಕೊಳ್ಳಲೇಬೇಕಾಗುತ್ತದೆ. ಇಲ್ಲಿ ನಮ್ಮವರು ಗಮನಿಸಬೇಕಾದ ವಿಷಯವೊಂದಿದೆ. ಪುಸ್ತಿಕೆಯಲ್ಲಿ ಮೈಯಳತೆಯ ಪಟ್ಟಿಯೂ ಸಿದ್ಧ ಉಡುಪಿನ ಅಳತೆಯ ಪಟ್ಟಿಯೂ ಬೇರೆ ಬೇರೆಯಾಗಿವೆ. ಎರಡನೆಯದೇ ಹೆಚ್ಚು ಉಪಯುಕ್ತ. ಮನೆಯಲ್ಲಿ ಚೆನ್ನಾಗಿ ಕೂರುವ ಟೀ-ಶರ್ಟೊಂದನ್ನು ನೆಲದ ಮೇಲೆ ಹರಡಿ ಅಳೆದು ಆ ಪಟ್ಟಿಯೊಂದಿಗೆ ಹೋಲಿಸಿದರೆ ಯಾವ ಸಂಖ್ಯೆ ಎಂಬುದು ತಾನಾಗಿ ತಿಳಿಯುತ್ತದೆ. ಟೈಲರಿಗೆ ಅಳತೆ ಬ್ಲೌಸು ಕೊಡುವ ನಮ್ಮ ಪದ್ಧತಿಯೂ ಇದೇ ತಾನೆ. ನನ್ನಂತೆ ಭುಜ ಕಿರಿದಾಗಿದ್ದು ಹಿಪ್ಪು ಅಗಲವಾಗಿರುವವರು ಭುಜ ಮತ್ತು ಕಂಕುಳಿಗೆ ಚಿಕ್ಕ ಸಂಖ್ಯೆಯನ್ನೂ ಸೊಂಟದಿಂದ ಕೆಳಗೆ ದೊಡ್ಡ ಸಂಖ್ಯೆಯನ್ನೂ ಹಿಡಿದು, ಬದಿಯಲ್ಲಿ ಎರಡನ್ನೂ ಒಂದು ಸಪೂರ ಬಾಗುಗೆರೆಯಿಂದ ಜೋಡಿಸಬೇಕು. ಡಾರ್ಟ್ ಇಲ್ಲದ ಮಾದರಿಯಲ್ಲಿ ಈ ಹೊಂದಾಣಿಕೆ ಬಹಳ ಸಲೀಸು.

ಈಗ ಬಟ್ಟೆಯ ವಿಷಯ. ಈ ಮಾದರಿಯ ಯಶಸ್ಸು ನಿಂತಿರುವುದು ಇದರ ಮೇಲೆಯೇ ಆದ್ದರಿಂದ ತುಸು ವಿಸ್ತಾರವಾಗಿ ಹೇಳುತ್ತೇನೆ. ಕೋಕೋ ಕೇಳುವುದು ಮಧ್ಯಮ ತೂಕದ, ಹದವಾಗಿ ಮಾತ್ರ ಹಿಗ್ಗುವ, ಆಕಾರ ಹಿಡಿದು ನಿಲ್ಲುವ ಹೆಣಿಗೆ: ಇಂಟರ್‌ಲಾಕ್, ಪಾಂಟೆ, ಫ್ರೆಂಚ್ ಟೆರ್ರಿ ಮುಂತಾದವು. ನಮ್ಮಲ್ಲಿ ಸುಲಭವಾಗಿ ಸಿಗುವುದು ಸಿಂಗಲ್ ಜೆರ್ಸಿ, ಅಂದರೆ ಸಾಮಾನ್ಯ ಟೀ-ಶರ್ಟಿನ ಬಟ್ಟೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಂಗಡಿಯ ಕಟ್ಟೆಯ ಮೇಲೆಯೇ ಕಂಡುಕೊಳ್ಳಬಹುದು. ಕತ್ತರಿಸಿದ ಅಡ್ಡ ಅಂಚನ್ನು ಎರಡು ಕೈಗಳ ಬೆರಳುಗಳಲ್ಲಿ ಹಿಡಿದು ಅಗಲಕ್ಕೆ ಎಳೆಯಿರಿ. ಸಿಂಗಲ್ ಜೆರ್ಸಿಯಾದರೆ ಅಂಚು ಕೂಡಲೇ ಹೊರಮೈಯ ಕಡೆಗೆ ಸುತ್ತಿಕೊಂಡು ವೀಳ್ಯದೆಲೆಯ ಸುರುಳಿಯ ಹಾಗೆ ಬಿಗಿಯಾಗುತ್ತದೆ. ಬೆರಳು ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಇಂಟರ್‌ಲಾಕ್ ಆದರೆ ಅಂಚು ಚಪ್ಪಟೆಯಾಗಿಯೇ ಇರುತ್ತದೆ, ಎರಡೂ ಮೈಗಳು ಒಂದೇ ರೀತಿ ಕಾಣುತ್ತವೆ, ಏಕೆಂದರೆ ಅದು ಎರಡು ರಿಬ್ಬುಗಳು (ಏರುಗೆರೆಗಳಿರುವ ಹೆಣಿಗೆ) ಒಂದರೊಳಗೊಂದು ಹೆಣೆದುಕೊಂಡು ಆದ ಬಟ್ಟೆ. ಮೊದಲ ಸಲ ಹೆಣಿಗೆ ಬಟ್ಟೆ ಮುಟ್ಟುವವರಿಗೆ ಸುರುಳಿಯಾಗದ ಅಂಚಿಗಿಂತ ದೊಡ್ಡ ಸಹಾಯ ಬೇರೊಂದಿಲ್ಲ.

ಹಿಗ್ಗುವಿಕೆಯನ್ನು ಅಳೆಯಲು ಬಟ್ಟೆಯನ್ನು ಅಡ್ಡಕ್ಕೆ ಮಡಿಸಿ, ಅಂಚಿನಿಂದ ತುಸು ಒಳಗೆ, 10 ಸೆಂಟಿಮೀಟರ್ ಉದ್ದವನ್ನು ಹಿಡಿದು ಸ್ಕೇಲಿನ ಮೇಲೆ ಸಲೀಸಾಗಿ ಬರುವಷ್ಟು ಎಳೆಯಬೇಕು. ಅದು 13ಕ್ಕೆ ಬಂದರೆ ನೂರಕ್ಕೆ 30ರಷ್ಟು ಹಿಗ್ಗು ಎಂದರ್ಥ. ಕೋಕೋಗೆ ಅದು ಧಾರಾಳ. ಎಳೆಯುವುದಕ್ಕಿಂತ ಬಿಡುವುದು ಮುಖ್ಯ. ಬಿಟ್ಟ ಕೂಡಲೇ ಬಟ್ಟೆ 10ಕ್ಕೆ ಮರಳದೆ ಹತ್ತೂವರೆಯಲ್ಲಿ ಜೋಲುತ್ತ ನಿಂತರೆ, ಅದರಲ್ಲಿ ಹೊಲಿದ ಟಾಪಿನ ಮೊಣಕೈ ಮತ್ತು ಕುತ್ತಿಗೆ ಸಂಜೆಯ ಹೊತ್ತಿಗೆ ಜೋತುಬೀಳುತ್ತವೆ. ನೂರಕ್ಕೆ ನಾಲ್ಕೈದರಷ್ಟು ಲೈಕ್ರಾ, ಅಂದರೆ ರಬ್ಬರಿನಂತೆ ಹಿಗ್ಗಿ ಮರಳುವ ನೂಲು ಬೆರೆತ ಹತ್ತಿಯಲ್ಲಿ ಈ ತೊಂದರೆ ಕಡಿಮೆ. ತೂಕದ ಲೆಕ್ಕದಲ್ಲಿ ಹೇಳುವುದಾದರೆ, ಸಾಮಾನ್ಯ ಟೀ-ಶರ್ಟಿನ ಜೆರ್ಸಿ 140ರಿಂದ 180 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ. ಕೋಕೋಗೆ 200ರಿಂದ 240ರ ಇಂಟರ್‌ಲಾಕ್ ನನಗೆ ಅತ್ಯಂತ ಒಪ್ಪಿಗೆಯಾಯಿತು.

ಇದನ್ನು ಬೆಂಗಳೂರಿನಲ್ಲಿ ಹುಡುಕುವುದೇ ಒಂದು ಕೆಲಸ. ಚಿಕ್ಕಪೇಟೆಯ ಸೀರೆ ಮತ್ತು ಶರ್ಟಿಂಗ್ ಅಂಗಡಿಗಳಲ್ಲಿ ಹೆಣಿಗೆ ಬಟ್ಟೆ ಕೇಳಿದರೆ ಇಲ್ಲವೆಂದು ತಲೆಯಾಡಿಸುವವರೇ ಹೆಚ್ಚು. ಮೀಟರಿನ ಬದಲು ಕಿಲೋ ಲೆಕ್ಕದಲ್ಲಿ ಮಾರುವ, ಕಾರ್ಖಾನೆಗಳಲ್ಲಿ ಉಳಿದ ಮಾಲನ್ನು ತರುವ ವ್ಯಾಪಾರಿಗಳ ಬಳಿಗೆ ಹೋಗಬೇಕು. ಅವರಲ್ಲಿ ಬರುವ ಮಾಲಿನಲ್ಲಿ ತಿರುಪ್ಪೂರಿನದು ಬಹಳ. ಕಿಲೋ ಲೆಕ್ಕದ ಕೊಳ್ಳುವಿಕೆಗೆ ಒಂದು ಸಣ್ಣ ಗಣಿತ ನೆನಪಿರಲಿ: 220 ಜಿಎಸ್‌ಎಂನ, ಒಂದೂವರೆ ಮೀಟರ್ ಪನ್ನದ ಬಟ್ಟೆಯ ಒಂದು ಮೀಟರಿನ ತೂಕ 330 ಗ್ರಾಂ, ಹಾಗಾಗಿ ಒಂದು ಕಿಲೋ ಎಂದರೆ ಸುಮಾರು ಮೂರು ಮೀಟರು. ಇಂಥ ಒಂದು ಅಂಗಡಿಯಲ್ಲಿ ನನಗೆ ಅಪ್ಪಟ ಹತ್ತಿ ಎಂದು ಹೇಳಿ ಕೊಟ್ಟ ಬಟ್ಟೆಯ ಎಳೆಯೊಂದನ್ನು ಮನೆಯಲ್ಲಿ ಸುಟ್ಟು ನೋಡಿದಾಗ ಅದು ಬೂದಿಯಾಗದೆ ಕರಗಿ ಗಟ್ಟಿ ಮಣಿಯಾಯಿತು, ಪಾಲಿಯೆಸ್ಟರಿನ ಲಕ್ಷಣವದು. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ತಿ ಪಾಲಿಯೆಸ್ಟರ್ ಪಾಂಟೆಯನ್ನು ತೊಟ್ಟುಕೊಂಡು ಬಸ್ಸಿಗೆ ಕಾಯುವುದು ಯಾರಿಗೂ ಬೇಡ. ವ್ಯಾಪಾರಿ ಹೇಳುವ ಹೆಸರನ್ನು ನಂಬುವುದಕ್ಕಿಂತ ಕೈಯಲ್ಲಿ ಹಿಡಿದು, ಎಳೆದು, ಬೆಳಕಿಗೆ ಅಡ್ಡ ಹಿಡಿದು ನೋಡುವುದು ಮೇಲು.

ಕೊಂಡ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆದು ಒಣಗಿಸಲೇಬೇಕು. ಹತ್ತಿಯ ಹೆಣಿಗೆ ಉದ್ದದಲ್ಲಿ ನೂರಕ್ಕೆ ಐದರಷ್ಟು ಕುಗ್ಗುವುದು ಸಾಮಾನ್ಯ; 60 ಸೆಂಟಿಮೀಟರ್ ಉದ್ದದ ಟಾಪಿನಲ್ಲಿ ಅದು ಮೂರು ಸೆಂಟಿಮೀಟರು. ತಂತಿಯ ಮೇಲೆ ನೇತುಹಾಕದೆ ಚಾಪೆಯ ಮೇಲೆ ಹರಡಿ ಒಣಗಿಸಿದರೆ ಬಟ್ಟೆ ತನ್ನ ಭಾರಕ್ಕೇ ಜಗ್ಗುವುದಿಲ್ಲ. ಕತ್ತರಿಸುವಾಗಲೂ ಅಷ್ಟೆ, ಮೇಜಿನ ಅಂಚಿನಿಂದ ಬಟ್ಟೆ ಇಳಿಬೀಳಬಾರದು.

ಹೊಲಿಗೆಗೆ ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಯಂತ್ರ ಬೇಕಿಲ್ಲ ಎಂಬುದು ಕೋಕೋದ ದೊಡ್ಡ ಗುಣ. ಝಿಗ್‌ಝಾಗ್ (ಅಂಕುಡೊಂಕು ಹೊಲಿಗೆ) ಇರುವ ಸಾಧಾರಣ ಮನೆಯ ಯಂತ್ರ ಸಾಕು. ನೇರ ಹೊಲಿಗೆ ಮಾತ್ರ ಬರುವ ಹಳೆಯ ಕಪ್ಪು ಪೆಡಲ್ ಯಂತ್ರದಲ್ಲಿ ಮಾತ್ರ ಇದು ಆಗದ ಕೆಲಸ: ಬಟ್ಟೆ ಹಿಗ್ಗಿದಾಗ ನೇರ ಹೊಲಿಗೆಯ ದಾರ ಹಿಗ್ಗದೆ ಪಟ್ಟನೆ ಕಡಿಯುತ್ತದೆ. ಅಗಲ ಒಂದು ಮಿಲಿಮೀಟರಿನಷ್ಟು, ಉದ್ದ ಎರಡೂವರೆಯಷ್ಟು ಇಟ್ಟ ಕಿರಿದಾದ ಝಿಗ್‌ಝಾಗ್ ಜೋಡಣೆಯ ಹೊಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಸೂಜಿ ಬಾಲ್‌ಪಾಯಿಂಟ್ ಆಗಿರಬೇಕು, 75 ಅಥವಾ 80ರ ಅಳತೆಯದು. ಅದರ ತುದಿ ದುಂಡಗಿರುವುದರಿಂದ ಎಳೆಯನ್ನು ಚುಚ್ಚಿ ಹರಿಯದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಮಾಮೂಲಿ ಸೂಜಿಯಲ್ಲಿ ಹೊಲಿಗೆ ನಡುನಡುವೆ ತಪ್ಪಿದಾಗ ಯಂತ್ರ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವವರಿದ್ದಾರೆ. ಸೂಜಿ ಬದಲಿಸಿದರೆ ಅಲ್ಲಿಗೆ ಮುಗಿಯಿತು. ದಾರ ಪಾಲಿಯೆಸ್ಟರಿನದೇ ಇರಲಿ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನ ಸುತ್ತಮುತ್ತ ದಾರ, ಲೇಸು, ಗುಂಡಿಗಳ ಅಂಗಡಿಗಳು ಸಾಲಾಗಿವೆ. ಬಟ್ಟೆಯ ಚೂರನ್ನು ಒಯ್ದರೆ ಬಣ್ಣ ಹೊಂದಿಸಿಕೊಂಡು ಬರಬಹುದು.

ಈ ಮಾದರಿಯಲ್ಲಿ ಹೊಲಿಗೆಯ ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಿಂದ ಅಂಚಿನವರೆಗೆ ಬಿಡುವ ಬಟ್ಟೆ, ಒಂದೂವರೆ ಸೆಂಟಿಮೀಟರು, ಅದು ಹಾಳೆಯಲ್ಲೇ ಸೇರಿದೆ. ಕಾರ್ಖಾನೆಯ ಟೀ-ಶರ್ಟುಗಳಲ್ಲಿ ಇರುವ ಮಾರ್ಜಿನ್ ಇದರ ಅರ್ಧದಷ್ಟೂ ಇರುವುದಿಲ್ಲ. ಕಲಿಯುವವರಿಗೆ ಇಷ್ಟು ಅಗಲ ಒಳ್ಳೆಯದೇ: ಅಂಚು ಯಂತ್ರದ ಹಲ್ಲುಗಳೊಳಗೆ ಸಿಕ್ಕಿಕೊಳ್ಳುವುದಿಲ್ಲ, ಬದಿಯಲ್ಲಿ ಬಿಗಿಯೆನಿಸಿದರೆ ಬಿಡಿಸಿ ತುಸು ಸಡಿಲಿಸಿಕೊಳ್ಳಲೂ ಬಹುದು. ಹೊಲಿದಾದ ಮೇಲೆ ಮಾರ್ಜಿನನ್ನು ಅರ್ಧಕ್ಕೆ ಕತ್ತರಿಸಿ ಎರಡು ಪದರವನ್ನೂ ಸೇರಿಸಿ ಅಗಲವಾದ ಝಿಗ್‌ಝಾಗ್ ಹಾಕಿದರೆ ಒಳಮೈ ಅಚ್ಚುಕಟ್ಟಾಗಿ ಕಾಣುತ್ತದೆ. ಇದಕ್ಕಾಗಿ ಫಾಲ್-ಪಿಕೋ ಅಂಗಡಿಗೆ ಕೊಟ್ಟು ಓವರ್‌ಲಾಕ್ ಮಾಡಿಸುವವರು ಒಮ್ಮೆ ಯೋಚಿಸಬೇಕು. ಅಲ್ಲಿನ ಹಲವು ಯಂತ್ರಗಳಲ್ಲಿ ಮುಂದಿನ ಹಲ್ಲು ಹಿಂದಿನ ಹಲ್ಲಿಗಿಂತ ವೇಗವಾಗಿ ಬಟ್ಟೆ ತಳ್ಳುವ ಡಿಫರೆನ್ಷಿಯಲ್ ಫೀಡ್ ಇರುವುದಿಲ್ಲ. ಅವು ಸೀರೆಯ ಅಂಚಿಗೆ ಸರಿಯಾದರೂ ಹೆಣಿಗೆ ಬಟ್ಟೆಯ ಅಂಚನ್ನು ಎಳೆದು ಅಲೆಅಲೆಯಾಗಿಸಿಬಿಡುತ್ತವೆ.

ಭುಜದ ಹೊಲಿಗೆಗೆ ಹಿಗ್ಗದ ಪಟ್ಟಿಯೊಂದನ್ನು ಸೇರಿಸಿ ಹೊಲಿಯಬೇಕು. ಇಡೀ ಟಾಪಿನ ಭಾರ ನೇತಾಡುವುದು ಆ ಎರಡು ಸಣ್ಣ ಹೊಲಿಗೆಗಳಿಂದ. ಅವು ಜಗ್ಗಿದರೆ ತೋಳು ಮುಂಗೈಯವರೆಗೆ ಇಳಿಯುತ್ತದೆ. ಪಟ್ಟಿಗೆಂದು ಹೊರದೇಶದ ಟೇಪು ತರಿಸುವ ಅಗತ್ಯವಿಲ್ಲ. ಒಗೆದು ಕುಗ್ಗಿಸಿದ ಹತ್ತಿಯ ಸೀರೆ ಫಾಲಿನ ಗಟ್ಟಿ ಅಂಚಿನಿಂದ ಅರ್ಧ ಸೆಂಟಿಮೀಟರ್ ಅಗಲದ ಎಳೆಯನ್ನು ಉದ್ದಕ್ಕೆ ಕತ್ತರಿಸಿಕೊಂಡರೆ ಅದಕ್ಕಿಂತ ತೆಳುವಾದ, ಅದಕ್ಕಿಂತ ಗಟ್ಟಿಯಾದ ಪಟ್ಟಿ ಸಿಗುವುದು ಕಷ್ಟ. ಒಗೆದಷ್ಟೂ ಮೆತ್ತಗಾಗುವುದರಿಂದ ಅದು ಭುಜಕ್ಕೆ ಚುಚ್ಚುವುದೂ ಇಲ್ಲ.

ಕೋಕೋದಲ್ಲಿ ಕೈಯ ನೈಪುಣ್ಯ ಪರೀಕ್ಷೆಗೆ ಬರುವುದು ಕುತ್ತಿಗೆಯಲ್ಲಿ. ಸಾಮಾನ್ಯ ಟೀ-ಶರ್ಟಿನಂತೆ ಇದಕ್ಕೆ ರಿಬ್ಬಿನ ಪಟ್ಟಿಯಿಲ್ಲ. ಅಂಚನ್ನು ಒಳಕ್ಕೆ ಮಡಿಸಿ ಮೇಲಿನಿಂದ ಹೊಲಿದರೆ ಮುಗಿಯಿತು. ನೋಡಲು ಅದು ಬಹಳ ಸರಳ, ಫೋಟೋದಲ್ಲಿ ಒಂದೇ ಹಂತ. ಆದರೆ ಬೋಟ್ ನೆಕ್ಕಿನ ಅಂಚು ಬಹುತೇಕ ಬಟ್ಟೆಯ ಅಡ್ಡಕ್ಕೇ, ಅಂದರೆ ಅತಿ ಹೆಚ್ಚು ಹಿಗ್ಗುವ ದಿಕ್ಕಿಗೇ ಹರಿಯುತ್ತದೆ, ಯಂತ್ರದ ಪಾದ ಮೇಲಿನಿಂದ ಒತ್ತಿದಂತೆಲ್ಲ ಅದು ಉದ್ದವಾಗುತ್ತ ಹೋಗುತ್ತದೆ. ಮುಗಿಸಿ ನೋಡಿದಾಗ ಕುತ್ತಿಗೆ ಎದೆಗೆ ಅಂಟಿ ಕೂರುವ ಬದಲು ನಡುವೆ ಉಬ್ಬಿ ಹೊರಕ್ಕೆ ನಿಂತಿರುತ್ತದೆ. ಇಂಟರ್‌ಲಾಕಿನಲ್ಲಿ ಈ ಉಬ್ಬು ಇಸ್ತ್ರಿಯ ಹಬೆಗೆ ಬಹುಪಾಲು ಇಳಿಯುತ್ತದೆ, ತೆಳು ಜೆರ್ಸಿಯಲ್ಲಿ ಇಳಿಯುವುದಿಲ್ಲ. ಮಾದರಿ ಸ್ಥಿರವಾದ ಬಟ್ಟೆಯನ್ನು ಕೇಳುವುದು ಇದಕ್ಕಾಗಿಯೇ. ಪಾದದ ಒತ್ತಡವನ್ನು ಕಡಿಮೆ ಮಾಡುವ ಗುಂಡಿ ಯಂತ್ರದಲ್ಲಿದ್ದರೆ ಅದನ್ನು ಸಡಿಲಿಸಬೇಕು. ಅಂಚಿನ ಒಳಮೈಗೆ ಹಿಗ್ಗುವ ಹೆಣಿಗೆಯ ಅಂಟುಪಟ್ಟಿಯನ್ನು ಇಸ್ತ್ರಿಯಿಂದ ಅಂಟಿಸಿ ಮಡಿಸಿದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಅಂಟುಬಟ್ಟೆ ಕೇಳಿದರೆ ಕೊಡುವುದು ಸಾಮಾನ್ಯವಾಗಿ ಕಾಲರಿನ ಬಕ್ರಂ. ಅದು ಗಡುಸು, ಇಲ್ಲಿಗೆ ಸಲ್ಲದು. ಮೇಲಿನ ಹೊಲಿಗೆಗೆ ಜೋಡಿಸೂಜಿ ಬಳಸಿದರೆ ಹೊರಗೆ ಎರಡು ಸಮಾನ ಗೆರೆಗಳು ಮೂಡುತ್ತವೆ, ಒಳಗೆ ಕೆಳದಾರ ಝಿಗ್‌ಝಾಗ್ ಆಗಿ ಓಡುವುದರಿಂದ ಅಂಚು ಹಿಗ್ಗಿದಾಗಲೂ ದಾರ ಕಡಿಯುವುದಿಲ್ಲ. ಕತ್ತರಿಸಿ ಉಳಿದ ಚೂರುಗಳಲ್ಲಿ ಈ ಒಂದು ಅಂಚನ್ನು ಮೊದಲು ಹೊಲಿದು ನೋಡಿದರೆ ಎಷ್ಟೋ ಬೇಸರ ತಪ್ಪುತ್ತದೆ.

ತೋಳು ಕೂಡಿಸುವುದು ಇದಕ್ಕೆ ಹೋಲಿಸಿದರೆ ಹಬ್ಬ. ಬ್ಲೌಸಿನಲ್ಲಿ ಮಾಡುವಂತೆ ಬದಿ ಮುಚ್ಚಿ, ಸುತ್ತಿನೊಳಗೆ ತೋಳನ್ನು ಕೂರಿಸುವ ಕಷ್ಟವಿಲ್ಲ. ಭುಜ ಸೇರಿಸಿದ ಮೇಲೆ ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ ತೋಳನ್ನು ಕಂಕುಳಿನ ಬಾಗಿಗೆ ಹೊಂದಿಸಿ ಹೊಲಿದು, ಆಮೇಲೆ ತೋಳಿನ ಅಂಚಿನಿಂದ ಟಾಪಿನ ಕೆಳಗಿನವರೆಗೆ ಒಂದೇ ಓಟದಲ್ಲಿ ಬದಿಯನ್ನು ಮುಚ್ಚುತ್ತೇವೆ. ಪಟ್ಟೆಯ ಬಟ್ಟೆಯಾದರೆ ಕಂಕುಳಿನ ಕೆಳಗೆ ಎರಡೂ ಬದಿಯ ಪಟ್ಟೆಗಳಿಗೆ ಗುಂಡುಸೂಜಿ ಚುಚ್ಚಿ ಹೊಂದಿಸಿಕೊಳ್ಳುವುದಷ್ಟೇ ಹೆಚ್ಚಿನ ಕೆಲಸ. ಕೆಳಗಿನ ಅಂಚಿನ ಬಗ್ಗೆ ಹೇಳುವಂಥದ್ದೇನಿಲ್ಲ.

ತೊಟ್ಟಾಗ ಹೇಗಿದೆ? ಭುಜದ ಮೇಲೆ ಹಗುರವಾಗಿ ಕೂರುತ್ತದೆ, ಹೊಟ್ಟೆಯ ಮೇಲೆ ಅಂಟುವುದಿಲ್ಲ, ತೋಳೆತ್ತಿದಾಗ ಇಡೀ ಟಾಪು ಮೇಲಕ್ಕೆ ಬರುವುದಿಲ್ಲ. ಕುತ್ತಿಗೆಯ ಅಗಲ ಎಲ್ಲರಿಗೂ ಒಪ್ಪಿಗೆಯಾಗಲಾರದು. ಬ್ಲೌಸಿಗೆ ಬೋಟ್ ನೆಕ್ ಇಡಿಸಿಕೊಳ್ಳುವವರಿಗೆ ಇದು ಪರಿಚಿತವೇ, ಆದರೆ ಭುಜ ಕಿರಿದಾದವರಿಗೆ ಒಳ ಉಡುಪಿನ ಪಟ್ಟಿ ಇಣುಕುವ ಸಾಧ್ಯತೆಯಿದೆ. ಅಂಥವರು ಕತ್ತರಿಸುವ ಮೊದಲೇ ಹಾಳೆಯ ಮೇಲೆ ಭುಜದ ಹೊಲಿಗೆಯನ್ನು ಕುತ್ತಿಗೆಯ ಕಡೆಗೆ ಒಂದರಿಂದ ಎರಡು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಬಹುದು. ತಲೆ ದಾಟಲು ಆಗಲೂ ಬೇಕಾದಷ್ಟು ಜಾಗ ಉಳಿಯುತ್ತದೆ. ಎತ್ತರದ ಕತ್ತಿನ ರೂಪಕ್ಕೆ ನಮ್ಮ ಹವೆಯಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳನ್ನು ಬಿಟ್ಟರೆ ಹೆಚ್ಚು ಬಳಕೆಯಿಲ್ಲ.

ತೆಳು ಜೆರ್ಸಿ ಈಗಾಗಲೇ ಕೈಯಲ್ಲಿದ್ದು ಅದಕ್ಕೇ ಮಾದರಿ ಹುಡುಕುತ್ತಿರುವವರು ಕೋಕೋಗೆ ಹಣ ಕೊಡುವುದು ಬೇಡ. ಫ್ರಾನ್ಸಿನ ಡಿಯರ್ ಅಂಡ್ ಡೋ ಎಂಬ ಮತ್ತೊಂದು ಸ್ವತಂತ್ರ ಸಂಸ್ಥೆ ಪ್ಲಾಂಟೇನ್ ಎಂಬ ಟೀ-ಶರ್ಟಿನ ಮಾದರಿಯನ್ನು ಉಚಿತವಾಗಿ ಕೊಡುತ್ತದೆ. ಅದು ಭುಜ, ಎದೆಗಳಲ್ಲಿ ಮೈಗೆ ಹತ್ತಿರವಾಗಿದ್ದು ಕೆಳಗೆ ಹರಡಿಕೊಳ್ಳುತ್ತದೆ, ಆಳವಾದ ದುಂಡು ಕುತ್ತಿಗೆಗೆ ಪಟ್ಟಿ ಇದೆ, ಮೃದುವಾಗಿ ಇಳಿಬೀಳುವ ಬಟ್ಟೆಗೆ ಅದೇ ತಕ್ಕದ್ದು. ಆದರೆ ಕುತ್ತಿಗೆಯ ಪಟ್ಟಿಯನ್ನು ಸುತ್ತಳತೆಗಿಂತ ಚಿಕ್ಕದಾಗಿ ಕತ್ತರಿಸಿ, ಎಲ್ಲ ಕಡೆ ಸಮನಾಗಿ ಎಳೆಯುತ್ತ ಕೂಡಿಸುವ ಕೆಲಸ ಹೊಸಬರಿಗೆ ಸುಲಭದ್ದಲ್ಲ. ಕೋಕೋ ಹೊಲಿದು ಕೈ ಪಳಗಿದವರು ಅದಕ್ಕೆ ಹೋದರೆ ಕಡಿಮೆ ಕಷ್ಟವಾಗುತ್ತದೆ.

ಕೋಕೋದ ಟಾಪ್ ಮತ್ತು ಡ್ರೆಸ್ ಎರಡಕ್ಕೂ ಹಾಳೆ ಒಂದೇ ಆಗಿರುವುದರಿಂದ ನಮಗೆ ಒಂದು ಅನುಕೂಲವಿದೆ. ಎರಡು ಉದ್ದಗಳ ನಡುವೆ, ತೊಡೆಯ ಮಧ್ಯಕ್ಕೆ ಬರುವಂತೆ ಕತ್ತರಿಸಿ, ಬದಿಯ ಹೊಲಿಗೆಯನ್ನು ಹಿಪ್ಪಿನ ಮಟ್ಟದಲ್ಲಿ ನಿಲ್ಲಿಸಿ ಕುರ್ತಿಯಂತೆ ಸೀಳು ಬಿಟ್ಟು ನೋಡಿದೆ. ಜೀನ್ಸಿಗೂ ಲೆಗ್ಗಿಂಗ್ಸಿಗೂ ಅದು ಮೂಲ ಟಾಪಿಗಿಂತ ಚೆನ್ನಾಗಿ ಹೊಂದುತ್ತದೆ, ದ್ವಿಚಕ್ರ ವಾಹನದ ಮೇಲೆ ಕೂತಾಗ ಹಿಂಭಾಗ ಮೇಲೇರುವ ಚಿಂತೆಯೂ ಇರುವುದಿಲ್ಲ. ಸೀಳಿನ ತುದಿಯಲ್ಲಿ ಮಾರ್ಜಿನಿನ ಒಳಮೈಗೆ ಅಂಟುಪಟ್ಟಿಯ ಸಣ್ಣ ಚೌಕವೊಂದನ್ನು ಅಂಟಿಸಿ, ಅದರ ಮೇಲೆ ಒತ್ತಾದ ಅಡ್ಡ ಹೊಲಿಗೆ ಹಾಕಬೇಕು; ಇಲ್ಲವಾದರೆ ಬಟ್ಟೆ ಮೊದಲು ಹರಿಯುವುದು ಅಲ್ಲಿಯೇ. ಇದಕ್ಕೆ ಒಂದೂವರೆ ಮೀಟರ್ ಪನ್ನದ ಬಟ್ಟೆ ಎರಡು ಮೀಟರ್ ಇಟ್ಟುಕೊಂಡರೆ ಮುಕ್ಕಾಲು ತೋಳಿಗೂ ಸಾಲುತ್ತದೆ.